ಗರಗರನೂ ಇದಾನೆ, ಆಟಿಸಂ ಕೂಡ ಇದೆ

ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಶನಿವಾರ ರಾತ್ರಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಕೊಂಡೇ ಹಾಕುತ್ತಿದ್ದೇನೆ. ಹೆಸರು ತೆಗೆದಿದ್ದೇನೆ, ನನಗೆ ಅವರು ಏನಾಗಬೇಕೋ ಅಷ್ಟೇ ಉಳಿಸಿದ್ದೇನೆ. ತಂಗಿ ಅಂದರೆ ಚಿಕ್ಕಮ್ಮನ ಮಗಳು. ನನ್ನ ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ, ಅಂದರೆ ಬೆರೆಯುವ, ಸಂವಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆ. ಗರಗರ ಅವನ ಕಾಲ್ಪನಿಕ ಗೆಳೆಯ, ನಮ್ಮ ಹಳೇ ಟೇಬಲ್ ಫ್ಯಾನಿನಿಂದ ಹುಟ್ಟಿದವನು.

*

ದೊಡ್ಡಪ್ಪ (ಫಾರ್ವರ್ಡ್): ಪೋಷಕರೇ ಗಮನಿಸಿ!! ಆಟಿಸಂ ಇರುವ ಮಕ್ಕಳಿಗೆ ಕಲ್ಪನಾಶಕ್ತಿಯೇ ಇರುವುದಿಲ್ಲ. ನಿಮ್ಮ ಮಗು ಕಣ್ಣಿಗೆ ಕಾಣದ ಗೆಳೆಯನ ಜೊತೆ ಮಾತಾಡುತ್ತಿದ್ದರೆ, ಸುಳ್ಳುಸುಳ್ಳೇ ಆಟ ಆಡುತ್ತಿದ್ದರೆ ಅದು ಆಟಿಸಂ ಅಲ್ಲವೇ ಅಲ್ಲ! ಇನ್ನೂ ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ನೋಡು ಪುಟ್ಟಿ, ನಾನು ಮೊದಲಿಂದ ಹೇಳ್ತಾನೇ ಇದ್ದೆ. ನಮ್ಮ ಹುಡುಗನಿಗೆ ಗರಗರ ಇದಾನಲ್ಲ. ಅಂದಮೇಲೆ ಅವನಿಗೆ ಆಟಿಸಂ ಎಲ್ಲಿಂದ ಬಂತು? ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಚಿಕ್ಕಮ್ಮ: ಹೌದು ಭಾವ. ಆದ್ರೆ ಆ ಗರಗರನ ವಿಷಯಾನೇ ನನಗೆ ಹೆದರಿಕೆ. ಒಬ್ಬನೇ ಕೂತು ಮಾತಾಡೋದು ಒಳ್ಳೇದಲ್ಲ. ಈಗಲೇ ಬಿಡಿಸಬೇಕು.

ನಾನು: ದೊಡ್ಡಪ್ಪ, ನೀವು ಪ್ರೀತಿಯಿಂದ ಕಳಿಸಿದ್ದೀರಿ, ಗೊತ್ತು. ಆದ್ರೆ ಇದು ತಪ್ಪು. ಗರಗರನೂ ಇದಾನೆ, ಆಟಿಸಂ ಕೂಡ ಇದೆ. ಒಂದಿದ್ರೆ ಇನ್ನೊಂದು ಇರಬಾರದು ಅಂತ ಏನೂ ಇಲ್ಲ.

ಅಣ್ಣ: ಪೂರ್ತಿ ತಪ್ಪು ಅಂತ ತಳ್ಳಿಹಾಕಬೇಡ. ಫಾರ್ವರ್ಡ್ ಬರೆದ ರೀತಿ ಕೆಟ್ಟದಾಗಿದೆ ಅಷ್ಟೇ, ವಿಷಯಕ್ಕೆ ಬೇರು ಇದೆ. 1979ರಲ್ಲಿ ಲೋರ್ನಾ ವಿಂಗ್, ಜುಡಿತ್ ಗೌಲ್ಡ್ ಇಬ್ಬರೂ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಮಕ್ಕಳನ್ನ ನೋಡಿ, ಬೆರೆಯೋದು, ಸಂವಹನ, ಕಲ್ಪನೆ, ಮೂರೂ ಕಡೆ ಒಟ್ಟಿಗೆ ತೊಂದರೆ ಕಾಣುತ್ತೆ ಅಂದ್ರು. ಎಂಟು ವರ್ಷ ಆದಮೇಲೆ ಅಲನ್ ಲೆಸ್ಲಿ, ಬಾಳೆಹಣ್ಣನ್ನ ಫೋನ್ ಅಂತ ಕಿವಿಗಿಟ್ಟುಕೊಳ್ಳೋದಕ್ಕೂ ಬೇರೆಯವರ ಮನಸ್ಸಲ್ಲಿ ಏನಿದೆ ಅಂತ ತಿಳಿಯೋದಕ್ಕೂ ಒಂದೇ ಶಕ್ತಿ ಬೇಕು ಅಂತ ಬರೆದರು. ಈಗಲೂ ಒಂದೂವರೆ ಎರಡು ವರ್ಷದ ಮಕ್ಕಳ ತಪಾಸಣೆ ಪ್ರಶ್ನಾವಳಿ ಎಂ-ಚಾಟ್‌ನಲ್ಲಿ ‘ಮಗು ಸುಳ್ಳುಸುಳ್ಳೇ ಆಟ ಆಡುತ್ತಾ’ ಅಂತ ಕೇಳ್ತಾರೆ. ಇಷ್ಟು ಜನ ಸುಮ್ಮನೆ ಕೇಳ್ತಾರಾ?

ನಾನು: ಸುಮ್ಮನೆ ಅಲ್ಲಣ್ಣ. ಆ ಪ್ರಶ್ನೆಗೆ ‘ಇಲ್ಲ’ ಅಂತ ನಾನೇ ಟಿಕ್ ಹಾಕಿದ್ದೆ. ಆಮೇಲೆ ಗೊತ್ತಾಯ್ತು, ಆ ಉತ್ತರ ಅವನದಲ್ಲ, ನನಗೆ ಕಂಡದ್ದು ಮಾತ್ರ ಅಂತ.

ನಾನು: ನಿಮಗೆಲ್ಲ ನೆನಪಿದೆಯಾ, ಅವನು ಬಾಟಲಿ ಮುಚ್ಚಳಗಳನ್ನ ಸಾಲಾಗಿ ಇಡ್ತಿದ್ದ? ದಿನಕ್ಕೆ ಹತ್ತು ಸಲ. ಯಾರಾದ್ರೂ ಒಂದನ್ನ ಸರಿಸಿದ್ರೆ ಕಿರುಚಾಟ. ನಾವು, ತೋರಿಸಿದ ಕಡೆಯವರು, ಎಲ್ಲರೂ ‘ಮಾಡಿದ್ದನ್ನೇ ಮಾಡೋದು’ ಅನ್ನೋ ಕಾಲಂನಲ್ಲಿ ಬರೆದ್ವಿ. ಮಾತು ಬಂದದ್ದು ಐದನೇ ವರ್ಷಕ್ಕೆ. ಒಂದಿನ ನಾನು ಗುಡಿಸ್ತಾ ನೀಲಿ ಮುಚ್ಚಳ ಎತ್ತಿದೆ. ‘ಅದಕ್ಕೆ ಜ್ವರ, ಡಾಕ್ಟರ್ ಇನ್ನೂ ನೋಡಿಲ್ಲ’ ಅಂದ. ಅದು ಆಸ್ಪತ್ರೆಯ ಸಾಲು. ಎರಡು ವರ್ಷದಿಂದ ಅವನು ಆಸ್ಪತ್ರೆ ಆಟ ಆಡ್ತಿದ್ದ, ನಾನು ರೋಗಿಗಳನ್ನ ದಿನಾ ಮೊರಕ್ಕೆ ಹಾಕಿ ಕಸದ ಬುಟ್ಟಿಗೆ ಸುರಿದಿದ್ದೆ.

ಅತ್ತಿಗೆ: 😢

ದೊಡ್ಡಪ್ಪ: ಇದು ನನಗೆ ಗೊತ್ತೇ ಇರಲಿಲ್ಲ.

ಅತ್ತಿಗೆ: ಮಾವ, ನಾನು ಕೆಲಸ ಮಾಡೋದು ಇಂಥ ಮಕ್ಕಳ ಜೊತೆಗೇ, ಹಾಗಾಗಿ ಒಂದು ಮಾತು. ಇವರು ಹೇಳಿದ ಸಂಶೋಧನೆಯೆಲ್ಲ ನಿಜ, ಆದ್ರೆ ಅರ್ಧಕ್ಕೆ ನಿಲ್ಲಿಸಿದ್ರು. 1988ರಲ್ಲಿ ವಿಕಿ ಲೂಯಿಸ್, ಜಿಲ್ ಬೌಚರ್ ಅನ್ನೋರು ಮಕ್ಕಳ ಕೈಗೆ ಕಾರು, ಗೊಂಬೆ ಕೊಟ್ಟು ‘ಇದರಲ್ಲಿ ಏನು ಮಾಡ್ಬಹುದು, ತೋರಿಸು’ ಅಂತ ಕೇಳಿ ನೋಡಿದ್ರು. ಕೇಳಿದಾಗ, ಹೇಳಿಕೊಟ್ಟಾಗ, ಆಟಿಸಂ ಇರೋ ಮಕ್ಕಳು ಉಳಿದ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲ. ತಾನಾಗೇ ಶುರು ಮಾಡೋದು ಕಷ್ಟ ಇರಬಹುದು. ಇಲ್ಲವೇ, ಶುರು ಮಾಡೋಕೆ ಅವರಿಗೆ ನಮ್ಮ ಗೊಂಬೆ ಇಷ್ಟವಿಲ್ಲದೇ ಇರಬಹುದು. ಶಕ್ತಿಯೇ ಇಲ್ಲ ಅಂತ ಅಲ್ಲ.

ನಾನು: ಕೈಪಿಡಿಯ ಮಾತೂ ಬದಲಾಗಿದೆ ದೊಡ್ಡಪ್ಪ. ಡಾಕ್ಟರುಗಳು ನೋಡೋ ಡಿಎಸ್‌ಎಂ ಅನ್ನೋ ಅಮೆರಿಕದ ಪುಸ್ತಕದ 1994ರ ಆವೃತ್ತಿಯಲ್ಲಿ, ವಯಸ್ಸಿಗೆ ತಕ್ಕ ಸುಳ್ಳುಸುಳ್ಳೇ ಆಟ ಇಲ್ಲದಿರೋದು ಒಂದು ಲಕ್ಷಣ ಅಂತಿತ್ತು. 2013ರ ಆವೃತ್ತಿಯಲ್ಲಿ ಕಲ್ಪನೆಯ ಆಟವನ್ನ ಹಂಚಿಕೊಳ್ಳೋದ್ರಲ್ಲಿ ಕಷ್ಟ ಅಂತಿದೆ. ‘ಇಲ್ಲ’ ಹೋಗಿ ‘ಹಂಚಿಕೊಳ್ಳೋದು’ ಬಂತು. ನನ್ನ ಮಗನನ್ನ ನೋಡಿದವರಿಗೆ ಈ ಎರಡರ ನಡುವಿನ ಅಂತರ ಎಷ್ಟು ಅಂತ ಹೇಳಬೇಕಾಗಿಲ್ಲ.

ಅಣ್ಣ: ಸರಿ. ಆದ್ರೂ ಕಾಣದ ಗೆಳೆಯ ಅಂದ್ರೆ ಗೊಂಬೆ ಆಟಕ್ಕಿಂತ ದೊಡ್ಡದು. ಅದಕ್ಕೆ ಲೆಕ್ಕ ಏನಾದ್ರೂ ಇದೆಯಾ?

ಅತ್ತಿಗೆ: ಇದೆ. 2018ರಲ್ಲಿ ಬಂದ ಒಂದು ಅಧ್ಯಯನ. 5ರಿಂದ 12 ವರ್ಷದ 215 ಮಕ್ಕಳ ತಂದೆತಾಯಿಯನ್ನ ಕೇಳಿದ್ರು, ಅದರಲ್ಲಿ 111 ಮಕ್ಕಳಿಗೆ ಆಟಿಸಂ. ಆ ಮಕ್ಕಳಲ್ಲಿ ಶೇ 16ರಷ್ಟು ಜನಕ್ಕೆ ಕಾಲ್ಪನಿಕ ಗೆಳೆಯರಿದ್ರು. ಉಳಿದ ಮಕ್ಕಳಲ್ಲಿ ಸುಮಾರು ಶೇ 42.

ದೊಡ್ಡಪ್ಪ: ಹಾಗಾದ್ರೆ ಕಡಿಮೆ ತಾನೇ?

ನಾನು: ಕಡಿಮೆ ಬೇರೆ, ಇಲ್ಲ ಬೇರೆ ದೊಡ್ಡಪ್ಪ. ಆರು ಮಕ್ಕಳಲ್ಲಿ ಒಂದು ಮಗು ಅಂದಹಾಗಾಯ್ತು. ನಿಮ್ಮ ಫಾರ್ವರ್ಡ್ ನಂಬಿದ್ರೆ ಆ ಒಂದು ಮಗುವಿನ ಅಪ್ಪ ಅಮ್ಮ ನಾಳೆಯಿಂದ ಥೆರಪಿ ನಿಲ್ಲಿಸ್ತಾರೆ. ಉಳಿದ ಐದು ಮಕ್ಕಳ ಅಪ್ಪ ಅಮ್ಮ, ನಮ್ಮ ಮಗುವಿನ ತಲೆಯೊಳಗೆ ಏನೂ ಇಲ್ಲ ಅಂದ್ಕೋತಾರೆ. ಎರಡೂ ಅನ್ಯಾಯ.

ಚಿಕ್ಕಮ್ಮ: ಲೆಕ್ಕ ಎಲ್ಲ ಇರಲಿ. ಇಲ್ಲದವರ ದನಿ ಕೇಳಿಸೋದು ಕಾಯಿಲೆ ಅಲ್ವಾ? ನಾಳೆ ದೊಡ್ಡವನಾದ ಮೇಲೆ?

ಅತ್ತಿಗೆ: ಅತ್ತೆ, ಅದು ಬೇರೆ, ಇದು ಬೇರೆ. ಮಾರ್ಜರಿ ಟೇಲರ್ ಅಂತ ಒಬ್ಬರು ವರ್ಷಗಟ್ಟಲೆ ಇದನ್ನೇ ಓದಿದ್ದಾರೆ. 2004ರ ಅವರ ಅಧ್ಯಯನದಲ್ಲಿ, ಏಳು ವರ್ಷದೊಳಗೆ ಯಾವಾಗಲಾದರೂ ಕಾಲ್ಪನಿಕ ಗೆಳೆಯ ಇದ್ದ ಮಕ್ಕಳು ಶೇ 65. ಪ್ರಶ್ನೆ ಕೇಳೋಕೆ ಹೋದವರಿಗೇ ಮಕ್ಕಳು ‘ಇದು ಸುಳ್ಳುಸುಳ್ಳೇ, ಗೊತ್ತು ತಾನೇ’ ಅಂತ ಎಚ್ಚರಿಸ್ತಾರಂತೆ. ಹೆದರಬೇಕಾದ್ದು ಯಾವಾಗ ಅಂದ್ರೆ, ಆ ದನಿ ಮಗುವನ್ನೇ ಹೆದರಿಸ್ತಿದ್ರೆ, ಹೊಡಕೋ, ಬೀಳು ಅಂತ ಹೇಳ್ತಿದ್ರೆ, ನಿಲ್ಲಿಸೋಣ ಅಂದ್ರೂ ಮಗುವಿಗೆ ನಿಲ್ಲಿಸೋಕೆ ಆಗದಿದ್ರೆ. ಆಗ ತಡ ಮಾಡದೆ ತೋರಿಸಬೇಕು. ಗರಗರ ಅಂಥವನಲ್ಲ.

ನಾನು: ಚಿಕ್ಕಮ್ಮ, ಫ್ಯಾನ್ ಕೆಟ್ಟು ರಿಪೇರಿಗೆ ಹೋಗಿತ್ತು. ಇವನು ಅಳ್ತಾನೆ ಅಂತ ನಾನು ತಯಾರಾಗಿದ್ದೆ. ಅಳಲಿಲ್ಲ. ಮೇಜಿನ ಆ ಖಾಲಿ ಜಾಗ ನೋಡ್ತಾ ಮಾತಾಡ್ತಿದ್ದ. ಫ್ಯಾನೇ ಇಲ್ಲವಲ್ಲೋ ಅಂದೆ. ‘ಅವನು ಫ್ಯಾನಲ್ಲಮ್ಮ. ಫ್ಯಾನ್ ಅವನ ಮುಖ’ ಅಂದ. ಮುಖ ವಾಪಸ್ ಬರೋವರೆಗೂ ಅವನು ಕಾಯ್ತಾನಂತೆ. ಇದನ್ನ ಕಲ್ಪನೆ ಅನ್ನದೆ ಏನನ್ನಲಿ?

ನಾನು: ಇನ್ನೊಂದು. ಮಿಕ್ಸಿ ಶಬ್ದಕ್ಕೆ ತಲೆ ಬಡಕೊಳ್ಳೋನು ಈಗ ಬಂದು ‘ಗರಗರನಿಗೆ ಈ ಶಬ್ದ ಚುಚ್ಚುತ್ತೆ’ ಅಂತಾನೆ. ‘ನನಗೆ ನೋವಾಗುತ್ತೆ’ ಅಂತ ಅವನು ಇವತ್ತಿನವರೆಗೂ ಹೇಳಿಲ್ಲ. ಗರಗರನ ಹೆಸರಲ್ಲಿ ಹೇಳ್ತಾನೆ. ಅದಕ್ಕೇ ನಾನೂ ಈಗ ಗರಗರನ ಮೂಲಕಾನೇ ಕೆಲಸ ಮಾಡಿಸ್ತೀನಿ. ‘ಗರಗರ ಹಲ್ಲುಜ್ಜು ಅಂತಿದಾನೆ’ ಅಂದ್ರೆ ಉಜ್ಜುತಾನೆ.

ದೊಡ್ಡಪ್ಪ: ಒಳ್ಳೇ ಉಪಾಯ 👍

ಅತ್ತಿಗೆ: ನಮ್ಮಲ್ಲೂ ಕೆಲವರು ಹೀಗೆ ಮಾಡ್ತಾರೆ.

(ಇಲ್ಲಿಯವರೆಗೆ ಗೆದ್ದೆ ಅಂದುಕೊಂಡಿದ್ದೆ. ತಂಗಿ ಈ ಗುಂಪಿನಲ್ಲಿ ಬರೆಯೋದು ವರ್ಷಕ್ಕೆ ಒಂದೆರಡು ಸಲ. ಅವಳಿಗೆ ಆಟಿಸಂ ಇದೆ ಅಂತ ತಿಳಿದಿದ್ದು ಇಪ್ಪತ್ತೆರಡನೇ ವಯಸ್ಸಿಗೆ. ‘ಟೈಪಿಂಗ್’ ಅಂತ ಬಹಳ ಹೊತ್ತು ತೋರಿಸ್ತಿತ್ತು.)

ತಂಗಿ: ಅಕ್ಕ ಹಾಗೆ ಮಾಡಬೇಡ

ತಂಗಿ: ಹಲ್ಲುಜ್ಜೋ ವಿಷಯ. ಗರಗರ ಹಾಗೆ ಹೇಳಿಲ್ಲ. ನೀನು ಹೇಳಿದ್ದು. ಅದು ಅವನಿಗೆ ಗೊತ್ತು. ಆದ್ರೆ ನಿನ್ನ ಎದುರು ಅದನ್ನ ಹೇಳೋಕೆ ಅವನಿಗೆ ಬರಲ್ಲ. ಇವತ್ತು ಹಲ್ಲು, ನಾಳೆ ಹೋಂವರ್ಕ್, ನಾಡಿದ್ದು ಕಣ್ಣಲ್ಲಿ ಕಣ್ಣಿಟ್ಟು ಮಾತಾಡು. ಆಮೇಲೆ ಗರಗರನೂ ನಿಮ್ಮ ಕಡೆಯವನಾಗಿಬಿಡ್ತಾನೆ. ಆಗ ಅವನು ಯಾರ ಹತ್ರ ಹೋಗಬೇಕು?

ನಾನು: ಕೆಟ್ಟ ಉದ್ದೇಶ ಇರಲಿಲ್ಲ ಕಣೇ.

ತಂಗಿ: ಗೊತ್ತು. ಅದಕ್ಕೇ ಹೇಳ್ತಿದ್ದೀನಿ.

ತಂಗಿ: ಅತ್ತಿಗೆ ಹೇಳಿದ ಶೇ 16ರ ಬಗ್ಗೆ. ಅಪ್ಪ ಅಮ್ಮನನ್ನ ಕೇಳಿ ಬಂದ ಲೆಕ್ಕ ಅದು. ನಾನು ಹತ್ತು ವರ್ಷದವಳಿದ್ದಾಗ ಯಾರಾದ್ರೂ ನಮ್ಮಮ್ಮನನ್ನ ಕೇಳಿದ್ರೆ ‘ಇಲ್ಲ’ ಅಂತಿದ್ಲು. ನನಗೆ ಒಬ್ಬಳು ಇದ್ಲು. ಮೊದಲು ಜೋರಾಗಿ ಮಾತಾಡ್ತಿದ್ದೆ. ಅಮ್ಮ ಬೈದಮೇಲೆ ಬಾಯಿ ಅಲ್ಲಾಡಿಸದೆ ಮಾತಾಡೋದು ಕಲಿತೆ. ಆಮೇಲೆ ಎಲ್ಲರೂ ಈಗ ಸರಿಹೋದಳು ಅಂದ್ರು.

ತಂಗಿ: ಕಲ್ಪನೆ ಇಲ್ಲ ಅಂತ ಬರೆಯೋರಿಗೆ ಕಾಣೋದು ಇಷ್ಟೇ: ಬಾಯಿ ಮುಚ್ಚಿಕೊಂಡು ಕೂತಿರೋ ಮಗು.

ಅಣ್ಣ: ಇದು ನನಗೆ ಹೊಳೆದೇ ಇರಲಿಲ್ಲ.

ತಂಗಿ: ಡೋನಾ ವಿಲಿಯಮ್ಸ್ ಅಂತ ಆಸ್ಟ್ರೇಲಿಯಾದ ಲೇಖಕಿ, ಆಟಿಸಂ ಇದ್ದವರು, ತಮ್ಮ ಬಾಲ್ಯದ ವಿಲ್ಲಿ, ಕ್ಯಾರಲ್ ಅನ್ನೋ ಇಬ್ಬರ ಬಗ್ಗೆ ಬರೆದಿದ್ದಾರೆ. ಹೊರಗಿನವರ ಮುಂದೆ ತಾನು ಹೋಗೋಕಾಗದೆ ಅವರನ್ನೇ ಕಳಿಸ್ತಿದ್ರು. ಓದಿದಾಗ ನನಗೆ ಒಂದು ದಿನ ಪೂರ್ತಿ ಬೇರೆ ಏನೂ ಮಾಡೋಕಾಗಲಿಲ್ಲ. ಹಾಗಂತ ಎಲ್ಲರಿಗೂ ಇರಲೇಬೇಕು ಅಂತ ಅಲ್ಲ. ನನ್ನ ಗೆಳತಿ ಒಬ್ಬಳಿಗೆ ಇಂಥದ್ದು ಏನೂ ಇರಲಿಲ್ಲ. ಅವಳಿಗೆ ಈಗಲೂ ಜೊತೆ ಮುರಿದ ಚಮಚ ಒಂಟಿಯಾಗಿ ಉಳಿದ್ರೆ ಸಂಕಟ. ಅಷ್ಟೇ. ಅದೂ ಸರಿ.

ಅತ್ತಿಗೆ: ವಸ್ತುಗಳಿಗೆ ಮನಸ್ಸಿದೆ ಅಂತ ಅನ್ನಿಸೋದು ಆಟಿಸಂ ಇರೋ ದೊಡ್ಡವರಲ್ಲಿ ಸಾಮಾನ್ಯ ಅಂತ ಅಧ್ಯಯನದಲ್ಲೂ ಬಂದಿದೆ. ನಾನು ಮಾತ್ರ ಮಕ್ಕಳ ಮಾತಿನಲ್ಲಿ ಅದನ್ನ ಕೇಳಿಸಿಕೊಂಡಿದ್ದು ಕಡಿಮೆ. ಹಲ್ಲುಜ್ಜೋ ವಿಷಯದಲ್ಲಿ ಅವಳು ಹೇಳಿದ್ದು ಸರಿ. ನಾನು ಅವಸರದಲ್ಲಿ ಒಪ್ಪಿಬಿಟ್ಟೆ.

ನಾನು: ಹಾಗಾದ್ರೆ ಗರಗರನ ಹತ್ರ ನಾನು ಮಾತಾಡಲೇಬಾರದಾ?

ತಂಗಿ: ಮಾತಾಡು. ಗರಗರನಾಗಿ ಮಾತಾಡಬೇಡ. ಕರೆದರೆ ಹೋಗು. ಕರೆಯದಿದ್ರೆ ಆಚೆ ಕೂತಿರು. ಹಲ್ಲುಜ್ಜಬೇಕಾದ್ರೆ ನೀನೇ ಹೇಳು, ನಿನ್ನ ದನಿಯಲ್ಲೇ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಫಾರ್ವರ್ಡ್ ತೆಗೆದೆ. ಇನ್ನೂ ಮೂರು ಗುಂಪಿಗೆ ಹಾಕಿದ್ದೆ. ಅಲ್ಲೂ ತೆಗೆದು, ತಪ್ಪು ಅಂತ ಬರೀತೀನಿ. ಪುಟ್ಟಿ, ನಿಜ ಹೇಳ್ತೀನಿ, ಅವನಿಗೆ ಆಟಿಸಂ ಇಲ್ಲ ಅಂತ ಯಾರಾದ್ರೂ ಹೇಳಲಿ ಅಂತ ಕಾಯ್ತಿದ್ದೆ. ಅದಕ್ಕೇ ಓದಿದ ಕೂಡಲೇ ಕಳಿಸಿಬಿಟ್ಟೆ.

ನಾನು: ಗೊತ್ತು ದೊಡ್ಡಪ್ಪ. ನಾನೂ ಬಹಳ ದಿನ ಕಾದಿದ್ದೆ.

ಚಿಕ್ಕಮ್ಮ: ಆವಾಗ ನನಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ತಂಗಿ: ಹೌದಮ್ಮ.

ಚಿಕ್ಕಮ್ಮ: ಅವಳ ಹೆಸರೇನಿತ್ತು?

ತಂಗಿ: ಇಲ್ಲಿ ಬೇಡ. ಫೋನ್ ಮಾಡ್ತೀನಿ.

(ಆಮೇಲೆ ಅರ್ಧ ಗಂಟೆ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಪ್ಪ: ಮುಂದಿನ ವಾರ ನಿಮ್ಮನೆಗೆ ಬರ್ತೀನಲ್ಲ, ಗರಗರನನ್ನ ಮಾತಾಡಿಸಬಹುದಾ? ಅವನನ್ನೇ ಕೇಳಿ ಹೇಳು.

ನಾನು: ಕೇಳಿದೆ. ತಾತ ಎಡಗಡೆಯಿಂದ ಬರಬೇಕಂತೆ, ಗರಗರನ ಮುಖ ಮೊದಲು ಆ ಕಡೆ ತಿರುಗುತ್ತಂತೆ. ಪ್ರಶ್ನೆ ಕೇಳಬಾರದಂತೆ. ಕೂತಿರಬಹುದಂತೆ.

ದೊಡ್ಡಪ್ಪ: ಎಡಗಡೆ ಅಂದ್ರೆ ನನ್ನ ಎಡಕ್ಕಾ, ಗರಗರನ ಎಡಕ್ಕಾ?

ನಾನು: ತಡೀರಿ, ಕೇಳ್ತೀನಿ.