‘ಮೂನ್ ಸಫಾರಿ’ ಯಾಕಿಷ್ಟು ಎಳೆಯುತ್ತೆ?

ಬೈಟೂ ಕಾಫಿ: ಚಿಲ್‌ಔಟ್ (ಹಾಯಾಗಿ ಕೂತು ಕೇಳೋ ಎಲೆಕ್ಟ್ರಾನಿಕ್ ಸಂಗೀತ) ಅಂದ್ರೆ ಎಲ್ಲರೂ ಬೆರಳು ತೋರಿಸೋ ಆಲ್ಬಮ್ ಇದು. ಫ್ರಾನ್ಸಿನ ‘ಏರ್’ ಜೋಡಿಯದು, 1998ರದ್ದು, ಹತ್ತು ಟ್ರ್ಯಾಕು. ಎಲ್‌ಪಿ ಹಾಕಿ ಎರಡು ಸಲ ಪೂರ್ತಿ ಕೇಳಿದ್ದಾಯ್ತು. ಮೊದಲನೇ ಟ್ರ್ಯಾಕೇ ಎಂಟೂವರೆ ನಿಮಿಷ! ಬೇಸ್ ಗಿಟಾರು ಕೆಸರಲ್ಲಿ ಕಾಲು ಕಿತ್ತಿಟ್ಟು ನಡೆದ ಹಾಗಿದೆ. ಮೂರನೇದರಲ್ಲಿ ಹಾಡೋ ಹೆಣ್ಣುಮಗಳ ದನಿ ಗಂಡಸಿನ ಥರ. ಇದನ್ನ ಲೌಂಜ್ ಅನ್ನಬೇಡಿ, ಜೋಗುಳ ಅನ್ನಿ.

ಮಂದ್ರಪಂಚಮ: ಜೋಗುಳಕ್ಕೂ ಕಾಲಪ್ರಮಾಣ, ಅಂದ್ರೆ ನಡೆಯ ವೇಗ, ಅಂತ ಒಂದಿರುತ್ತೆ ಸ್ವಾಮಿ. ಆ ಮೊದಲ ಟ್ರ್ಯಾಕಲ್ಲಿ ಬೇಸೇ ಮುಂದಾಳು, ರೋಡ್ಸ್ ಅನ್ನೋ ಎಲೆಕ್ಟ್ರಿಕ್ ಪಿಯಾನೋ ಹಿಂದೆ ಸುಮ್ಮನೆ ತೇಲುತ್ತೆ. ಕೆಲವು ಕಡೆ ಬರೋ ನಿಜವಾದ ಪಿಟೀಲು ಮೇಳ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದ್ದು, ಸಂಯೋಜನೆ ಡೇವಿಡ್ ವಿಟೇಕರ್ ಅವರದು. ಇಷ್ಟೆಲ್ಲ ಬಿಟ್ಟು ‘ಜೋಗುಳ’ ಅಂತೀರಲ್ಲ.

ಗಾಂಧಿಬಜಾರ್ ಗಿರಾಕಿ: ಆ್ಯಬಿ ರೋಡ್ ಹೆಸರು ಹೇಳಿದ ತಕ್ಷಣ ಸಂಗೀತ ಚೆನ್ನಾಗಿಬಿಡುತ್ತಾ? ಇಂದಿರಾನಗರದ ಕೆಫೆಗಳಲ್ಲಿ ಮಾತು ಮುಚ್ಚೋಕೆ ಹಾಕೋ ಸರಕು ಇದು.

ಎಸ್‌ಪಿ ರೋಡ್ ಸೋಲ್ಡರ್: ಒಂದು ನಿಮಿಷ. ‘ಎಂಟೂವರೆ’ ಹೇಗಾಯ್ತು? ಆ ಟ್ರ್ಯಾಕು ಏಳು ನಿಮಿಷ, ಮೇಲೆ ಹತ್ತು ಸೆಕೆಂಡು ಅಷ್ಟೆ. ಪ್ಲೇಯರ್ ಯಾವ ದೇಶದ್ದು?

ಬೈಟೂ ಕಾಫಿ: ಅಮೆರಿಕದ್ದು, ಬೆಲ್ಟ್ ಡ್ರೈವ್ (ಮೋಟಾರಿನ ಪುಲ್ಲಿಯಿಂದ ಬೆಲ್ಟ್ ಹಾಕಿ ತಟ್ಟೆ ತಿರುಗಿಸೋದು). ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆ, ಮೀಟರಲ್ಲಿ 120 ವೋಲ್ಟ್ ಕರೆಕ್ಟಾಗಿ ತೋರಿಸುತ್ತೆ. ಆಲ್ಬಮ್ಮಿನ ತಪ್ಪನ್ನ ಪ್ಲೇಯರ್ ತಲೆಗೆ ಕಟ್ಟಬೇಡಿ.

ಎಸ್‌ಪಿ ರೋಡ್ ಸೋಲ್ಡರ್: ಟ್ರಾನ್ಸ್‌ಫಾರ್ಮರ್ ಇಳಿಸೋದು ವೋಲ್ಟೇಜ್ ಮಾತ್ರ, ಫ್ರೀಕ್ವೆನ್ಸಿ ಅಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಹಳೇ ಬೆಲ್ಟ್ ಡ್ರೈವ್‌ಗಳಲ್ಲಿ ಇರೋದು ಹೆಚ್ಚಾಗಿ ಎಸಿ ಸಿಂಕ್ರೋನಸ್ ಮೋಟಾರು, ಅದರ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದದ್ದು. 24 ಪೋಲಿನದಾದರೆ (ಒಳಗೆ 24 ಕಾಂತಧ್ರುವ) ಅಲ್ಲಿ ನಿಮಿಷಕ್ಕೆ 300 ಸುತ್ತು, ಇಲ್ಲಿ 250. ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ಬದಲು 27.8ರಲ್ಲಿ ತಿರುಗುತ್ತೆ. ಏಳು ನಿಮಿಷದ್ದು ಎಂಟೂವರೆ ಆಗೋದು ಹೀಗೆ.

ಗಾಂಧಿಬಜಾರ್ ಗಿರಾಕಿ: ‘ಫ್ರೀಕ್ವೆನ್ಸಿ’ ಎಲ್ಲ ಪುಸ್ತಕದ ಮಾತು. ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತೆ, ಮೋಟಾರು ನಿಧಾನ ಆಗುತ್ತೆ. ಒಂದು ಸ್ಟೆಬಿಲೈಸರ್ ಹಾಕಿದ್ರೆ ಮುಗೀತು.

ಎಸ್‌ಪಿ ರೋಡ್ ಸೋಲ್ಡರ್: ಫ್ಯಾನು ನಿಧಾನ ಆಗುತ್ತೆ, ಇದು ಆಗಲ್ಲ. ವೋಲ್ಟೇಜ್ ಇಳಿದರೆ ಎಳೆಯೋ ಬಲ ಕಮ್ಮಿ ಆಗುತ್ತೆ, ವೇಗ ಅಲ್ಲ. ತೀರಾ ಇಳಿದರೆ ನಿಂತೇ ಹೋಗುತ್ತೆ. ಇನ್ನೊಂದು, 60ರ ಮೋಟಾರಿಗೆ 50ರಲ್ಲಿ 120 ವೋಲ್ಟ್ ಕೊಟ್ಟರೆ ಬಿಸಿ ಏರುತ್ತೆ. ಕೊಡಬೇಕಾದ್ದು 100.

ಬೈಟೂ ಕಾಫಿ: 27.8 ಅಂತೆ! ಪ್ಲೇಯರ್ ಜೊತೆ ಬಂದ ಸ್ಟ್ರೋಬ್ ಡಿಸ್ಕ್ (ಗೆರೆ ಹಾಕಿದ ಬಿಲ್ಲೆ, ವೇಗ ಸರಿಯಿದ್ರೆ ಮಿನುಗೋ ಬೆಳಕಲ್ಲಿ ಗೆರೆ ನಿಂತ ಹಾಗೆ ಕಾಣುತ್ತೆ) ಇಟ್ಟು ಹಳೇ ಟ್ಯೂಬ್‌ಲೈಟ್ ಕೆಳಗೇ ನೋಡಿದ್ದು. ಗೆರೆಗಳು ಕದಲಲಿಲ್ಲ. ಇದಕ್ಕೇನಂತೀರಾ?

ಎಸ್‌ಪಿ ರೋಡ್ ಸೋಲ್ಡರ್: ಕದಲದೇ ಇರೋದೇ ಸಾಕ್ಷಿ ಕಣ್ರೀ. ಅಮೆರಿಕದ ಡಿಸ್ಕಿನಲ್ಲಿ 33⅓ಕ್ಕೆ 216 ಗೆರೆ, ನಮ್ಮ 50 ಹರ್ಟ್ಸ್‌ಗೆ ಬೇಕಾದ್ದು 180. ಇಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. 27.8ರಲ್ಲಿ ತಿರುಗಿದ್ರೆ 216 ಗೆರೆಯ ಡಿಸ್ಕಲ್ಲೂ ಸೆಕೆಂಡಿಗೆ 100 ಗೆರೆ ದಾಟುತ್ತೆ. ಕಳ್ಳ ಗಡಿಯಾರಕ್ಕೆ ಕಳ್ಳ ಗಡಿಯಾರ ತಾಳೆ ನೋಡಿದ ಹಾಗಾಯ್ತು. ಡಿಸ್ಕ್ ಬಿಡಿ, ತಟ್ಟೆ ಅಂಚಿಗೆ ಒಂದು ಚೀಟಿ ಅಂಟಿಸಿ 100 ಸುತ್ತು ಎಣಿಸಿ. ಮೂರು ನಿಮಿಷಕ್ಕೆ ಮುಗಿದರೆ ನಾನು ಬಾಯಿ ಮುಚ್ಕೋತೀನಿ. 3 ನಿಮಿಷ 36 ಸೆಕೆಂಡ್ ಬಂದರೆ ನೀವು.

ವಿಜಯನಗರ ವೂಫರ್: ಇಷ್ಟಕ್ಕೆಲ್ಲ ಎಣಿಸೋದ್ಯಾಕೆ ಗುರು? ಪ್ಲೇಯರಿನ ವೇಗದ ಗುಂಡಿ 45ಕ್ಕೆ ತಿರುಗಿಸಿ ಕೇಳಿ.

ಎಸ್‌ಪಿ ರೋಡ್ ಸೋಲ್ಡರ್: 45ರ ಆರರಲ್ಲಿ ಐದು ಪಾಲು 37.5. ಎರಡು ಸ್ವರಸ್ಥಾನ, ಅಂದ್ರೆ ಹಾರ್ಮೋನಿಯಂನ ಎರಡು ಮನೆ, ಮೇಲೆ ಹೋಗುತ್ತೆ. ಗಂಡಸಿನ ದನಿ ಹೋಗಿ ಮಗು ದನಿ ಬರುತ್ತೆ.

ಮಂದ್ರಪಂಚಮ: ‘ಸ್ವರಸ್ಥಾನ’ ಅಂದ್ರಲ್ಲ, ಅದನ್ನ ನೆಟ್ಟಗೆ ಹೇಳಿ. 27.8ರಲ್ಲಿ ಮೂರು ಸ್ವರಸ್ಥಾನ ಇಳಿಯುತ್ತೆ. ಷಡ್ಜ ಇರಬೇಕಾದ ಕಡೆ ಕೆಳಗಿನ ಚತುಶ್ರುತಿ ಧೈವತ. ಅದಕ್ಕೇ ಮೂರನೇ ಹಾಡಿನ ಗಾಯಕಿ ಬೆತ್ ಹರ್ಶ್ ದನಿ ಇವರಿಗೆ ಗಂಡಸಿನದಾಗಿ ಕೇಳಿಸಿದ್ದು.

ಬೈಟೂ ಕಾಫಿ: ಆಲ್ಬಮ್ಮಿನಲ್ಲಿ ವೋಕೋಡರ್ (ದನಿಯನ್ನ ಯಂತ್ರದ ದನಿಯ ಹಾಗೆ ಮಾಡೋ ಉಪಕರಣ) ಇದೆ ಮೇಡಂ. ದನಿ ಬದಲಾಗಿ ಕೇಳೋದು ಅದಕ್ಕೆ.

ಮಂದ್ರಪಂಚಮ: ವೋಕೋಡರ್ ಇರೋದು ಬೇರೆ ಹಾಡುಗಳಲ್ಲಿ. ಮೂರು ಮತ್ತು ಏಳನೇ ಹಾಡಲ್ಲಿ ಇರೋದು ಆಕೆಯ ಬರೀ ಗಂಟಲು.

ಗಾಂಧಿಬಜಾರ್ ಗಿರಾಕಿ: ಎಲ್ಲ ಸ್ವರವೂ ಒಟ್ಟಿಗೇ ಇಳಿದರೆ ರಾಗ ಎಲ್ಲಿ ಕೆಡ್ತು? ಶ್ರುತಿ ಯಾವುದಾದರೇನು, ನಿಮ್ಮ ಕರ್ನಾಟಕ ಸಂಗೀತದವರೇ ಹೇಳೋದು.

ಮಂದ್ರಪಂಚಮ: ರಾಗ ಕೆಡಲ್ಲ, ನಡೆ ಕೆಡುತ್ತೆ! ಮಧ್ಯಮಕಾಲದ ಕೃತಿಯನ್ನ ವಿಳಂಬದಲ್ಲಿ ಎಳೆದು, ಆಮೇಲೆ ವಾಗ್ಗೇಯಕಾರರನ್ನ ಬೈತೀರಾ? ರಸಿಕರಂತೆ!

ವಿಜಯನಗರ ವೂಫರ್: ಜಗಳ ಬಿಡಿ. ಮೋಟಾರ್ ಪುಲ್ಲಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ರೆ ದಪ್ಪ ಆಗುತ್ತೆ, ವೇಗ ಸರಿಹೋಗುತ್ತೆ. ಹತ್ತು ರೂಪಾಯಿ ಕೆಲಸ.

ಎಸ್‌ಪಿ ರೋಡ್ ಸೋಲ್ಡರ್: ‘ಹತ್ತು ರೂಪಾಯಿ ಕೆಲಸ’ದಲ್ಲಿ ಏನೇನು ಹಾಳಾಗುತ್ತೆ ಕೇಳಿ. ಬೇಕಿರೋದು ಶೇ. 20ರಷ್ಟು ದಪ್ಪ. 10 ಮಿ.ಮೀ. ಪುಲ್ಲಿಗೆ ಸುತ್ತಲೂ ಸುಮಾರು ಒಂದು ಮಿ.ಮೀ. ಟೇಪು, ಅಂದ್ರೆ ಏಳೆಂಟು ಸುತ್ತು. ಟೇಪ್ ಮುಗಿಯೋ ಕಡೆ ಒಂದು ಗಂಟು ಏಳುತ್ತೆ. ಮೋಟಾರು 250ರಲ್ಲಿ ತಿರುಗೋದರಿಂದ ಆ ಗಂಟು ಸೆಕೆಂಡಿಗೆ ನಾಲ್ಕು ಸಲ ಬೆಲ್ಟನ್ನ ಎಗರಿಸುತ್ತೆ, ಎಳೆದು ನುಡಿಸೋ ಪ್ರತಿ ಸ್ವರವೂ ನಡುಗುತ್ತೆ. ಮೋಟಾರು ಬಿಸಿಯಾದಾಗ ಅಂಟು ಇಳಿದು ಬೆಲ್ಟ್ ಜಾರುತ್ತೆ. ಪುಲ್ಲಿಯ ಹೊಟ್ಟೆ ಕೊಂಚ ಉಬ್ಬಿರೋದು ಬೆಲ್ಟ್ ನಡುವೆ ನಿಲ್ಲಲಿ ಅಂತ, ಆ ಉಬ್ಬನ್ನೂ ಟೇಪ್ ಮುಚ್ಚಿಹಾಕುತ್ತೆ. ಅದೇ ಮಾಡೆಲ್ಲಿನ 50 ಹರ್ಟ್ಸ್ ಪುಲ್ಲಿ ಹುಡುಕಿ. ಸಿಗದಿದ್ರೆ ಪೀಣ್ಯದಲ್ಲಿ ಲೇತ್ ಮೇಲೆ ಹಿತ್ತಾಳೆಯಲ್ಲಿ ಮಾಡಿಸಿ. ಅಳತೆ ಹಾಕುವಾಗ ಪುಲ್ಲಿಯ ವ್ಯಾಸಕ್ಕೆ ಬೆಲ್ಟ್ ದಪ್ಪ ಕೂಡಿಸಿ 1.2ರಿಂದ ಗುಣಿಸಬೇಕು, ಆಮೇಲೆ ಆ ದಪ್ಪ ಕಳೆಯಬೇಕು. ಬೆಲ್ಟ್ ದಪ್ಪ ಲೆಕ್ಕಕ್ಕೇ ಹಿಡಿಯದಿದ್ರೆ ವೇಗ ಕೊಂಚ ಕಮ್ಮಿ ಆಗುತ್ತೆ.

ವಿಜಯನಗರ ವೂಫರ್: ‘ಹಿತ್ತಾಳೆ’! ಒಂದು ಆಲ್ಬಮ್ ಕೇಳೋಕೆ ಪೀಣ್ಯಕ್ಕೆ ಹೋಗ್ಬೇಕಾ? ಡೈರೆಕ್ಟ್ ಡ್ರೈವ್ ಕ್ವಾರ್ಟ್ಜ್ ಲಾಕ್ ಪ್ಲೇಯರ್ (ಬೆಲ್ಟ್ ಇಲ್ಲ, ವೇಗ ಹಿಡಿದಿಡೋದು ಕ್ವಾರ್ಟ್ಜ್ ಹರಳು) ತಗೊಂಡ್ರೆ ಈ ಗೋಳೇ ಇಲ್ಲ.

ಬೈಟೂ ಕಾಫಿ: ಎಣಿಸಿದೆ. 3 ನಿಮಿಷ 35 ಸೆಕೆಂಡ್. ಎಪ್ಪತ್ತರ ಹತ್ತಿರ ಕುಕ್ಕರ್ ಕೂಗಿ ಒಂದೆರಡು ಸುತ್ತು ತಪ್ಪಿರಬಹುದು.

ಎಸ್‌ಪಿ ರೋಡ್ ಸೋಲ್ಡರ್: ಒಂದೆರಡು ಸುತ್ತು ತಪ್ಪಿದ್ರೆ ಹೆಚ್ಚುಕಮ್ಮಿ ನಾಲ್ಕು ಸೆಕೆಂಡ್. 35 ಅಲ್ಲ.

ಬೈಟೂ ಕಾಫಿ: ಇರಲಿ ಸಾರ್. ಏಳು ನಿಮಿಷವಾದ್ರೂ ಉದ್ದ ಉದ್ದವೇ. ಆ ಪುಲ್ಲಿ ಅಳತೆ ಲೆಕ್ಕ ಒಂದು ಉದಾಹರಣೆ ಹಾಕಿ ಬರೀತೀರಾ?