ಮೊದಲು ದುಡಿಮೆ, ಆಮೇಲೆ ಬದುಕು: ಇದು ಸರಿಯಾ?

ಹೊಸಪುಟ:
ಬಹಳ ದಿನದಿಂದ ತಲೆಯಲ್ಲಿರುವ ಪ್ರಶ್ನೆ ಇದು. ಓದುವಾಗ ‘ಒಂದು ಕೆಲಸ ಸಿಗಲಿ, ಆರಾಮಾಗಿರೋಣ’ ಅಂದುಕೊಂಡೆ. ಕೆಲಸ ಸಿಕ್ಕಿತು, ‘ಪ್ರಮೋಷನ್ ಆಗಲಿ’ ಅಂದುಕೊಂಡೆ. ಅದೂ ಆಯಿತು, ಈಗ ‘ಸಾಲ ತೀರಲಿ’ ಅಂತಿದ್ದೇನೆ. ರಜೆ ಹಾಕಿದರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಕೆಲಸಕ್ಕೆ ಕೂತರೆ ‘ಇದೆಲ್ಲ ಯಾತಕ್ಕೆ’ ಅನ್ನಿಸುತ್ತದೆ. ಮೊದಲು ಚೆನ್ನಾಗಿ ದುಡಿದು ಆಮೇಲೆ ಬದುಕನ್ನು ಅನುಭವಿಸಬೇಕಾ, ಅಥವಾ ಎರಡೂ ಜೊತೆಗೇ ಸಾಗಬೇಕಾ? ಜೊತೆಗೇ ಅನ್ನುವವರು ಅದು ಹೇಗೆ ಅಂತಲೂ ಹೇಳಿ.

ಲೆಕ್ಕಿಗ:
ಮೊದಲು ದುಡಿಮೆ. ನನಗೆ ಇದರಲ್ಲಿ ಅನುಮಾನವೇ ಇಲ್ಲ. ಮೈಯಲ್ಲಿ ಕಸುವು ಇರುವಾಗ, ಜವಾಬ್ದಾರಿ ಕಡಿಮೆ ಇರುವಾಗ ಕಲಿತ ಕೆಲಸ ಮುಂದೆ ಹತ್ತಾರು ವರ್ಷ ಕೈ ಹಿಡಿಯುತ್ತದೆ. ದುಡ್ಡೂ ಹಾಗೆಯೇ. ವರ್ಷಕ್ಕೆ 7%ರಂತೆ ಬೆಳೆದರೆ ಸುಮಾರು 10 ವರ್ಷಕ್ಕೆ ಎರಡರಷ್ಟು, 20 ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕರಷ್ಟು ಆಗುತ್ತದೆ. ತಡವಾಗಿ ಶುರು ಮಾಡಿದವರಿಗೆ ಈ ಲಾಭ ಸಿಗುವುದಿಲ್ಲ. ಇನ್ನೊಂದು ಮಾತು. ‘ಸಮತೋಲನ ಇರಲಿ’ ಅಂತ ಬುದ್ಧಿ ಹೇಳುವವರಲ್ಲಿ ಎಷ್ಟೋ ಜನ ಆಗಲೇ ದಡ ಸೇರಿದವರು. ಅವರು ಇಪ್ಪತ್ತೈದರಲ್ಲಿ ಹೇಗೆ ದುಡಿದರು ಅಂತ ಕೇಳಿ ನೋಡಿ.

ಮಳೆಬಿಲ್ಲು:
ದುಡ್ಡಿನ ಲೆಕ್ಕ ಸರಿ. ದೇಹದ ಲೆಕ್ಕ ಬೇರೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. 2016ರ ಒಂದೇ ವರ್ಷದಲ್ಲಿ ಇದರಿಂದ ಸತ್ತವರು ಸುಮಾರು 7,45,000 ಜನ ಅಂತ ಅವರ ಅಂದಾಜು. ಹೆಚ್ಚಿನವರು ಸತ್ತದ್ದು 60ರಿಂದ 79ರ ವಯಸ್ಸಿನಲ್ಲಿ. ‘ಆಮೇಲೆ ಅನುಭವಿಸೋಣ’ ಅಂತ ಎತ್ತಿಟ್ಟುಕೊಂಡ ವರ್ಷಗಳೇ ಅವು!

ಲೆಕ್ಕಿಗ:
ಆ ವರದಿ ನಾನೂ ನೋಡಿದ್ದೇನೆ. ಸತ್ತವರಲ್ಲಿ ಹೆಚ್ಚಿನವರು ಅಷ್ಟು ಹೊತ್ತು ದುಡಿದದ್ದು ತಮ್ಮ 45ರಿಂದ 74ರ ನಡುವೆ ಅಂತ ಅದರಲ್ಲೇ ಇದೆ. ನಾನು ಹೇಳಿದ್ದೂ ಅದನ್ನೇ. ಚಿಕ್ಕ ವಯಸ್ಸಿನಲ್ಲಿ ಒತ್ತಿ ದುಡಿಯಿರಿ, 45ರ ಹೊತ್ತಿಗೆ ಕೈ ಸಡಿಲ ಬಿಡಿ.

ಮಳೆಬಿಲ್ಲು:
45ಕ್ಕೆ ಕೈ ಸಡಿಲ ಬಿಡುವವರು ಎಲ್ಲಿದ್ದಾರೆ? ಇಪ್ಪತ್ತು ವರ್ಷ ಕೆಲಸವೊಂದನ್ನೇ ಮಾಡಿದವರಿಗೆ ಬೇರೆ ಏನು ಮಾಡಬೇಕು ಅಂತಲೇ ಗೊತ್ತಿರುವುದಿಲ್ಲ. ಅಷ್ಟು ಹೊತ್ತಿಗೆ ಗೆಳೆಯರು ದೂರವಾಗಿರುತ್ತಾರೆ. ಮಕ್ಕಳು ಅವರ ಪಾಡಿಗೆ ಅವರು. ನಿವೃತ್ತಿಯಾದ ಮೇಲೂ ಆಫೀಸಿನ ಮಾತು ಬಿಟ್ಟು ಬೇರೆ ಮಾತೇ ಬಾರದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಖುಷಿಯಾಗಿರುವುದಕ್ಕೂ ರೂಢಿ ಬೇಕು.

ಪಾಳಿಕೆಲಸ:
ಓದಿ ಬೇಜಾರಾಯಿತು. ಎಲ್ಲರೂ ಇದು ತಮ್ಮ ಆಯ್ಕೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನ ಶಿಫ್ಟ್ ವಾರ ವಾರ ಬದಲಾಗುತ್ತದೆ. ಒಂದು ವಾರ ಹಗಲು, ಮುಂದಿನ ವಾರ ರಾತ್ರಿ. ನಾನು ಮನಸ್ಸು ಎಷ್ಟೇ ಗಟ್ಟಿ ಮಾಡಿಕೊಂಡರೂ ನಿದ್ದೆಯ ಹೊತ್ತನ್ನು ನಿರ್ಧಾರ ಮಾಡುವುದು ಗೋಡೆಯ ಮೇಲಿನ ಪಟ್ಟಿ. ದಿನಕ್ಕೆ ಎಂಟು ಗಂಟೆಯ ಕೆಲಸ ಅನ್ನುವುದು ಯಾರೋ ಧ್ಯಾನ ಮಾಡಿ ಕಂಡುಕೊಂಡದ್ದಲ್ಲ. ಕಾರ್ಮಿಕರು ಹತ್ತಾರು ವರ್ಷ ಹೋರಾಡಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದವೇ ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಅನ್ನುವುದಾಗಿತ್ತು. ಬಿಡುವು ಸಿಕ್ಕವರು ಮಾತ್ರ ಅದನ್ನು ಹೇಗೆ ಕಳೆಯಬೇಕು ಅಂತ ಚರ್ಚೆ ಮಾಡಬಹುದು. ಎಲ್ಲರಿಗೂ ಬಿಡುವು ಸಿಗುವ ಹಾಗೆ ಮಾಡುವುದು ಮೊದಲ ಕೆಲಸ.

ದಾರಿಹೋಕ:
ಪಾಳಿಕೆಲಸ ಅವರ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಬಿಡುವು ಸಿಕ್ಕ ಕೂಡಲೇ ಎಲ್ಲ ಸರಿಹೋಗುವುದಿಲ್ಲ ಅನ್ನುವುದೂ ನಿಜ. 1989ರಲ್ಲಿ ಮನಃಶಾಸ್ತ್ರಜ್ಞರಾದ ಚಿಕ್‌ಸೆಂಟ್‌ಮಿಹಾಯಿ ಮತ್ತು ಲೆಫೆವ್ರ್ ಒಂದು ಕುತೂಹಲದ ವಿಷಯ ಕಂಡುಕೊಂಡರು. ಉದ್ಯೋಗಿಗಳ ಕೈಗೆ ಪೇಜರ್ ಕೊಟ್ಟು, ಅದು ಕೂಗಿದಾಗಲೆಲ್ಲ ಆ ಕ್ಷಣ ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಅಂತ ಬರೆಯಲು ಹೇಳಿದ್ದರು. ಕೆಲಸದಲ್ಲಿ ಮೈಮರೆತು ಮುಳುಗಿದ ಗಳಿಗೆಗಳು ಬಿಡುವಿಗಿಂತ ಎಷ್ಟೋ ಜಾಸ್ತಿ ಇದ್ದವು. ಹಾಗಿದ್ದರೂ ಕೆಲಸದ ಹೊತ್ತಿನಲ್ಲಿ ಅದೇ ಜನ ‘ಬೇರೆ ಏನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು’ ಅಂದುಕೊಳ್ಳುತ್ತಿದ್ದರು! ಅಂದರೆ ನಾವು ಖುಷಿ ಎಲ್ಲಿದೆ ಅಂದುಕೊಳ್ಳುತ್ತೇವೋ ಅದು ಅಲ್ಲೇ ಇರಬೇಕು ಅಂತಿಲ್ಲ. ಆಗ ಈಗಿನಂಥ ಮೊಬೈಲ್ ಇರಲಿಲ್ಲ. ಈಗ ಸುಮ್ನೆ ಮೊಬೈಲ್ ತಿಕ್ಕುತ್ತಾ ಕೂತು ಎದ್ದಾಗ ದಣಿವು ಕಳೆದಿರುವುದಿಲ್ಲ, ಹೊತ್ತು ಮಾತ್ರ ಕಳೆದಿರುತ್ತದೆ. ಕೈಗೋ ತಲೆಗೋ ಸ್ವಲ್ಪ ಕೆಲಸ ಕೊಡುವ ಬಿಡುವು ಬೇಕು. ಈಜು, ಹಾಡು, ಗಿಡ, ಆಟ, ಯಾವುದಾದರೂ ಆಗಬಹುದು.

ಸಂಜೆಗಾಳಿ:
ನಾನು ಸಂಬಳದ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತೇನೆ. ಇದನ್ನು ನಿಮ್ಮ ಲೆಕ್ಕದಲ್ಲಿ ದುಡಿಮೆ ಅನ್ನುತ್ತೀರಾ, ಬದುಕು ಅನ್ನುತ್ತೀರಾ? ಬದುಕಿಗೆ ಗುರಿ ಬೇಕು ಅಂತ ಎಲ್ಲರೂ ಹುಡುಕುತ್ತಾರೆ. ನನಗೆ ಹುಡುಕುವ ಪ್ರಶ್ನೆಯೇ ಬರಲಿಲ್ಲ. ಬೆಳಿಗ್ಗೆ ಏಳುವ ಮೊದಲೇ ನನ್ನ ಕಾಲ ಸಪ್ಪಳಕ್ಕೆ ಒಂದು ಜೀವ ಕಾಯುತ್ತಿರುತ್ತದೆ. ಗುರಿ ಯೋಚನೆ ಮಾಡಿ ಸಿಗುವುದಕ್ಕಿಂತ, ನಮ್ಮ ಅಗತ್ಯ ಇರುವ ಕಡೆ ಹೋಗಿ ನಿಂತರೆ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಗುರಿ ಇದ್ದರೆ ದಣಿವಾಗುವುದಿಲ್ಲ ಅನ್ನುವ ಮಾತು ಸುಳ್ಳು. ಪ್ರೀತಿಯಿಂದ ಮಾಡುವ ಕೆಲಸ ಇನ್ನೂ ಜಾಸ್ತಿ ಹೀರುತ್ತದೆ, ಯಾಕೆಂದರೆ ಸಾಕು ಅನ್ನಲು ಬಾಯಿ ಬರುವುದಿಲ್ಲ. ನನಗೆ ಈಗ ಬೇಕಿರುವುದು ಪ್ರವಾಸವಲ್ಲ, ಹಬ್ಬವಲ್ಲ. ದಿನಕ್ಕೆ ಒಂದು ಗಂಟೆ ಯಾರೂ ನನ್ನನ್ನು ಕರೆಯದಿದ್ದರೆ ಸಾಕು. ತಂಗಿ ವಾರದಲ್ಲಿ ಕೆಲವು ಸಂಜೆ ಬಂದು ಕೂರುತ್ತಾಳೆ. ಆ ಹೊತ್ತು ನಾನು ಮನೆಯಿಂದ ಹೊರಗೆ ಹೋಗಿ ಸುಮ್ನೆ ನಡೆಯುತ್ತೇನೆ. ಮರಳಿ ಬಂದಾಗ ಅಮ್ಮನ ಮೇಲೆ ರೇಗುವುದಿಲ್ಲ. ಇದನ್ನು ಸುಖಪಡುವುದು ಅನ್ನಬಹುದಾ ಗೊತ್ತಿಲ್ಲ. ಇದಿಲ್ಲದೆ ನಾನು ಇಷ್ಟು ದಿನ ನಿಲ್ಲುತ್ತಿರಲಿಲ್ಲ.

ಮಳೆಬಿಲ್ಲು:
ಸಂಜೆಗಾಳಿ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ದಯವಿಟ್ಟು ಆ ಸಂಜೆಗಳನ್ನು ಬಿಡಬೇಡಿ.

ಲೆಕ್ಕಿಗ:
ಸಂಜೆಗಾಳಿ ಅವರ ದುಡಿಮೆಯ ಮುಂದೆ ನನ್ನ ವಾದ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ಹೊಸಪುಟ ಅವರ ಪ್ರಶ್ನೆ ಬೇರೆ. ‘ಕಾಯಕವೇ ಕೈಲಾಸ’ ಅಂತ ಹೇಳಿಕೊಂಡು ಬಂದವರು ನಾವು. ದುಡಿಮೆಯಲ್ಲೇ ಸಂತೋಷ ಇದೆ ಅಂದಮೇಲೆ ಅದನ್ನು ಹೊರಗೆ ಯಾಕೆ ಹುಡುಕಬೇಕು?

ದಾರಿಹೋಕ:
ಅದೇ ಶರಣರ ಕಾಲದ ಆಯ್ದಕ್ಕಿ ಲಕ್ಕಮ್ಮನನ್ನೂ ನೆನೆಸಿಕೊಳ್ಳಿ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಯಾಕೆ ಅಂತ ಕೇಳಿ ಅದನ್ನು ವಾಪಸ್ ಕಳಿಸಿದವಳು ಆಕೆ. ಕಾಯಕ ಎಷ್ಟು ಮುಖ್ಯವೋ ‘ಸಾಕು’ ಅನ್ನುವುದೂ ಅಷ್ಟೇ ಮುಖ್ಯವಾಗಿತ್ತು. ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ, ಇನ್ನು ನೂರು ವರ್ಷಕ್ಕೆ ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗಬಹುದು ಅಂತ ಬರೆದಿದ್ದರು. ಸಂಪತ್ತು ಬೆಳೆಯಿತು, ಗಂಟೆಗಳು ಅಷ್ಟು ಇಳಿಯಲಿಲ್ಲ. ಅಗತ್ಯದ ಗೆರೆ ನಮ್ಮ ಜೊತೆಗೇ ಮುಂದೆ ಮುಂದೆ ಓಡಿತು.

ಪಾಳಿಕೆಲಸ:
ಗೆರೆ ಓಡಿದ್ದು ನಿಜ. ಜೊತೆಗೆ, ಬೆಳೆದ ಸಂಪತ್ತು ಎಲ್ಲರಿಗೂ ಸಮವಾಗಿ ಹಂಚಲಿಲ್ಲ ಅನ್ನುವುದನ್ನೂ ಸೇರಿಸಿ.

ಹೊಸಪುಟ:
ಎಲ್ಲರಿಗೂ ಧನ್ಯವಾದ. ಲೆಕ್ಕಿಗ ಅವರೇ, ಸಾಲ ತೀರಿಸುವುದನ್ನು ಬಿಡುವುದಿಲ್ಲ, ಗಾಬರಿಯಾಗಬೇಡಿ. ಆದರೆ ಸಂಜೆಗಾಳಿ ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿದೆ. ನನ್ನ ಆಫೀಸಿನಲ್ಲಿ ನಾನಿಲ್ಲದಿದ್ದರೂ ಕೆಲಸ ನಡೆಯುತ್ತದೆ. ನಿಜವಾಗಿ ನನ್ನ ಅಗತ್ಯ ಇರುವವರ ಹತ್ತಿರ ನಾನು ಹೋಗುವುದು ರಾತ್ರಿ, ಅರ್ಧ ನಿದ್ದೆಯಲ್ಲಿ. ಹಿಂದೆ ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಯಾಕೆ ನಿಲ್ಲಿಸಿದೆ ಅಂತಲೂ ನೆನಪಿಲ್ಲ. ಅದನ್ನು ಮತ್ತೆ ಶುರು ಮಾಡಬೇಕು ಅನ್ನಿಸುತ್ತಿದೆ. ವಾರದಲ್ಲಿ ಎರಡು ದಿನ ಸಾಕಾ?

ಸಂಜೆಗಾಳಿ:
ಒಂದು ದಿನದಿಂದ ಶುರು ಮಾಡಿ. ಮಕ್ಕಳು ನಿಮ್ಮನ್ನು ಕಾಯಲು ಶುರು ಮಾಡಿದರೆ ಎರಡನೇ ದಿನ ತಾನಾಗಿ ಬರುತ್ತದೆ.

ಲೆಕ್ಕಿಗ:
ಆ ದಿನ ಎಷ್ಟು ಗಂಟೆಗೆ ಆಫೀಸಿನಿಂದ ಹೊರಡುತ್ತೀರಿ ಅಂತ ಈಗಲೇ ಮೇಲಿನವರಿಗೆ ತಿಳಿಸಿಬಿಡಿ. ಬಾಯಿಮಾತಲ್ಲಿ ಬೇಡ, ಬರೆದು ಕಳಿಸಿ. ಇಲ್ಲದಿದ್ದರೆ ಅದೇ ಸಂಜೆ ಮೀಟಿಂಗ್ ಇಡುತ್ತಾರೆ.