ಸಹಾಯ ಬೇಕು: ಹಾರೋ ಹಕ್ಕಿ ಹಿಡಿಯೋಕೆ ದುಡ್ಡು ಕ್ಯಾಮೆರಾ ಬಾಡಿಗೋ, ಲೆನ್ಸ್‌ಗೋ?

ಎಲ್ಲರಿಗೂ ನಮಸ್ಕಾರ. ಗೆಳೆಯನ ಡಿಎಸ್‌ಎಲ್‌ಆರ್ ಕ್ಯಾಮೆರಾ, 70-300 ಎಂಎಂ ಜೂಮ್ ಲೆನ್ಸ್ ತಗೊಂಡು ರಂಗನತಿಟ್ಟಿಗೆ ಹೋಗಿದ್ದೆ. ಗೂಡಲ್ಲಿ ಕೂತ ಬಣ್ಣದ ಕೊಕ್ಕರೆ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಬಾಲದ ಹತ್ತಿರದ ಗುಲಾಬಿ ಗರಿ ಒಂದೊಂದೂ ಕಾಣುತ್ತೆ. ಆದರೆ ನೀರಿನ ಮೇಲೆ ಹಾರುತ್ತಿದ್ದ ರೀವ ಹಕ್ಕಿ ಬರೀ ಪುಟ್ಟ ಚುಕ್ಕೆ, ಅದೂ ಮಸುಕು. ಶಟರ್ ಸ್ಪೀಡ್ 1/2000 ಸೆಕೆಂಡಿಗೆ ಏರಿಸಿದೆ, ಚಲಿಸೋ ಹಕ್ಕಿಯನ್ನ ಹಿಂಬಾಲಿಸೋ ಕಂಟಿನ್ಯೂಯಸ್ ಫೋಕಸ್ ಹಾಕಿದೆ. ಆದರೂ ಅಷ್ಟೇ.

ಈಗ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಲೆನ್ಸ್ ತಗೋಬೇಕು ಅಂತಿದ್ದೇನೆ. 90 ಸಾವಿರ ಮೀರೋ ಹಾಗಿಲ್ಲ. ನಿಕಾನ್ ಡಿ7500 ಸೆಕೆಂಡಿಗೆ 8 ಫ್ರೇಮ್, 51 ಫೋಕಸ್ ಪಾಯಿಂಟ್. ಆದರೆ ದುಡ್ಡು ಅದಕ್ಕೇ ಹೋಗಿ, ಲೆನ್ಸ್ 70-300ಕ್ಕೇ ನಿಲ್ಲಬೇಕು. ಡಿ5600 ಆದರೆ 5 ಫ್ರೇಮ್, 39 ಪಾಯಿಂಟ್. ಉಳಿದ ದುಡ್ಡಿಗೆ ದೂರದ ಹಕ್ಕಿಯನ್ನ ಇನ್ನೂ ದೊಡ್ಡದಾಗಿ ತೋರಿಸೋ 200-500 ಲೆನ್ಸ್ ಹುಡುಕಬಹುದು. ಆ ಲೆನ್ಸೇ ಎರಡು ಕೆಜಿ ಮೇಲಿದೆ, ಅಲುಗಾಡೋ ದೋಣಿಯಲ್ಲಿ ಕೈಯಲ್ಲೇ ಹಿಡೀಬೇಕು.

ಹಾರೋ ಹಕ್ಕಿಗೆ ಈ ಎರಡರಲ್ಲಿ ಯಾವ ಜೋಡಿ ತಗೊಳ್ಳಲಿ? ಬಳಸಿದವರು ದಯವಿಟ್ಟು ಹೇಳಿ.